ಬೀಳದ ಮಸಿ

ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಕಪ್ಪು ಎಳೆಯೊಂದು ಬೀಳದೆ ನಿಂತಿರುತ್ತಿತ್ತು. ಅದನ್ನು ಅಲ್ಲಿಗೆ ಕಳುಹಿಸುತ್ತಿದ್ದುದು ನೀಲಕ್ಕನ ಉಸಿರು.

ಊರಾಚೆಯ ಕಾರ್ಖಾನೆಯಲ್ಲಿ ನಾವಿಬ್ಬರೂ ಕುಲುಮೆಯ ಗಾಜಿನ ಕೊಳವೆಗಳಿಂದ ಮಸಿ ಕೆರೆಯುತ್ತಿದ್ದೆವು. ಕಣ್ಣಿಗೆ ಅದು ಮಸಿ; ನಿಜದಲ್ಲಿ ಕಾರ್ಬನ್ನಿನ ನ್ಯಾನೊ ನಳಿಕೆಗಳು, ಉದ್ದ ಬಿಟ್ಟರೆ ಬೇರೆ ಅಳತೆಯೇ ಇಲ್ಲವೆನ್ನುವಷ್ಟು ತೆಳು. ಮಾಲಿನ ಗುಣ ತಿಳಿಸುವ ಯಂತ್ರದ ವರದಿ ಬರಲು ಎರಡು ದಿನ ಬೇಕಿತ್ತು. ನೀಲಕ್ಕ ಚಿಟಿಕೆ ಮಸಿಯನ್ನು ಬಿಸಿಲಿಗೆ ಹಿಡಿದು ಊದುವಳು: ತೇಲಿದರೆ ಒಳ್ಳೆಯ ಮಾಲು, ಬಿದ್ದರೆ ಬರಿ ಇದ್ದಿಲು. ಊದಲು ಮಾಸ್ಕ್ ಅಡ್ಡ ಬರುತ್ತಿತ್ತು.

"ತಮ್ಮಾ, ನೀ ಸಂಜಿ ಸಾಲಿಗೆ ಹೋಗಾಂವ. ಇದು ಒಳಗ ಹೋದ್ರ ಏನರ ಆಗ್ತೈತೇನು?" ಎಂದು ಒಂದು ದಿನ ಕೇಳಿದಳು.

ಆ ವಾರವಷ್ಟೇ ಸಂಜೆ ಶಾಲೆಯಲ್ಲಿ ನಮಗೆ ಕಾರ್ಬನ್ ಪಾಠ ಶುರುವಾಗಿತ್ತು. ವಜ್ರ, ಪೆನ್ಸಿಲ್ಲಿನ ಕಡ್ಡಿ, ಇದ್ದಿಲು, ಎಲ್ಲ ಒಂದೇ ವಸ್ತು. ತಿಳಿದವನೆಂದು ಎಣಿಸಿ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. "ಒಲಿ ಮಸಿ ಇದ್ದಂಗ ಬಿಡಕ್ಕಾ," ಎಂದೆ.

"ಹಂಗಾರ ನನಗ ಹಳೇ ಬೀಗತಿ! ಮೂವತ್ತ ವರ್ಷ ಒಲಿ ಊದೀನಿ," ಎಂದು ನಕ್ಕು ಮಾಸ್ಕನ್ನು ಮೊಳೆಗೆ ನೇತುಹಾಕಿದಳು.

ಮರುವಾರ ಮಾಸ್ತರರು ಹಲಗೆಯ ಮೇಲೆ ಜೇನುಹುಟ್ಟಿನಂಥ ಹಾಳೆ ಬರೆದು, ಅದನ್ನು ಸುರುಳಿ ಸುತ್ತಿದರೆ ನಳಿಕೆ ಎಂದರು. ಉಕ್ಕಿಗಿಂತ ಗಟ್ಟಿ, ಸುತ್ತಿದ ಓರೆ ಬದಲಾದರೆ ವಿದ್ಯುತ್ ಹರಿಯುವ ಬಗೆಯೂ ಬದಲು. "ವಸ್ತು ಅದೇ. ಆಕಾರ ಬ್ಯಾರೆ ಆದ್ರ ಗುಣಾನೂ ಬ್ಯಾರೆ."

ಉಸಿರಿನ ಜೊತೆ ಒಳಗೆ ಹೋದರೆ, ಎಂದು ಕೇಳಿದೆ.

"ಉದ್ದನ್ನ ಸೂಜಿ ಅಂತ ತಿಳಕೋ. ಪೂರಾ ಗೊತ್ತಿಲ್ಲ. ಗೊತ್ತಾಗೋತನಕ ಮೂಗು ಮುಚ್ಚಿಕೋ."

ಮರುದಿನವೇ ನೀಲಕ್ಕನಿಗೆ ಹೇಳಬೇಕಿತ್ತು. ಒಮ್ಮೆ ತಪ್ಪಿದವನು ಮತ್ತೆ ತಪ್ಪಿದರೆ? ಪುಸ್ತಕ ನೋಡಿ ಖಚಿತ ಮಾಡಿಕೊಂಡು ಹೇಳೋಣವೆಂದುಕೊಂಡೆ. ನನ್ನ ಮಾಸ್ಕನ್ನು ಮಾತ್ರ ಅಂದಿನಿಂದಲೇ ಬಿಗಿದು ಕಟ್ಟಿದೆ. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ.

ಹೇಳಿದ್ದು ಎರಡು ವರ್ಷದ ನಂತರ, ಅವಳು ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಾಗ.

"ನಿನಗ ಯಾವಾಗ ಗೊತ್ತಾತು?"

"ನೀ ಕೇಳಿದ ಮರುವಾರನ, ಅಕ್ಕಾ."

ಅವಳು ನನ್ನ ಮಾಸ್ಕನ್ನೇ ನೋಡಿದಳು.

ಅವಳ ಶ್ವಾಸಕೋಶ ಕೆಟ್ಟದ್ದು ಒಲೆಯ ಹೊಗೆಯಿಂದಲೋ ಈ ಮಸಿಯಿಂದಲೋ ಹೇಳಲಾಗದು ಎಂದರು ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ನಿದ್ದೆ ಮಾಡಲು ಎಷ್ಟೋ ಸಲ ನೋಡಿದ್ದೇನೆ.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಅವಳ ಮಂಚದ ಮೇಲೂ ಬಿಸಿಲುಕೋಲು ಬಿದ್ದಿತ್ತು; ಅದರ ತುಂಬ ಧೂಳಿನ ಕಣಗಳು. ನನ್ನನ್ನು ಕಂಡು ನೀಲಕ್ಕ ತುಟಿ ಚೂಪು ಮಾಡಿ ಊದಿದಳು. ಆ ಉಸಿರಿಗೆ ಒಂದು ಕಣವೂ ಕದಲಲಿಲ್ಲ.