ನಿನಗೆ ಇವರು ಏನಾಗಬೇಕು?

ರೆಕ್ಕೆಯ ಕಲ್ಲುಸಿಂಹದ ತೆರೆದ ಬಾಯೊಳಗೆ ಪಟಾಕಿ ಎಂಬ ಹುಡುಗ ಮೊಣಕೈವರೆಗೂ ಕೈ ತೂರಿಸಿ, "ಮಿಸ್, ಇದಕ್ಕೆ ನಾಲಗೇನೇ ಇಲ್ಲ!" ಎಂದು ಕೂಗಿದ. ಅವನಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ತರಗತಿಯವರೆಲ್ಲ ಹಾಗೇ ಕರೆಯುತ್ತಿದ್ದರು, ಮೇಷ್ಟ್ರೂ ಸಹ. ನಾಲಗೆಯಿಲ್ಲದ ಸಿಂಹವನ್ನು ನೋಡಲು ಉಳಿದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು.

"ಕೈ ತೆಗಿಯೋ ಪುಣ್ಯಾತ್ಮ! ಏನಾದ್ರೂ ಮುರಿದ್ರೆ ನನ್ನ ಕೆಲಸ ಹೋಗುತ್ತೆ," ಎಂದರು ಮೇಷ್ಟ್ರು.

"ಮುರಿಯೋದಕ್ಕೆ ಅಲ್ಲಿ ಏನೂ ಉಳಿದಿಲ್ಲ ಮೇಷ್ಟ್ರೇ," ಎಂದಳು ಗೈಡ್. "ಆದ್ರೆ ಒಳಗೆ ಒಂದು ಜೇಡ ಸಂಸಾರ ಹೂಡಿದೆ ಅಂತ ಕಸ ಗುಡಿಸೋರು ಹೇಳ್ತಿದ್ರು."

ಕೈ ಚಕ್ಕನೆ ಹೊರಗೆ ಬಂತು. ಮಕ್ಕಳು ಹೋ ಎಂದು ನಕ್ಕರು.

ಈ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ. ಮ್ಯೂಸಿಯಂನಲ್ಲಿ ಶಾಲಾ ಮಕ್ಕಳಿಗಾಗಿ 'ಪುರಾಣದ ಸುತ್ತು' ಎಂಬುದನ್ನು ಶುರು ಮಾಡಿದವಳೇ ಅವಳು. ಯಾವುದೋ ನದಿಯ ದಂಡೆಯಲ್ಲಿ ಎಂದೋ ಬಾಳಿ ಹೋದ ಜನರ ದೇವರುಗಳು, ರಾಕ್ಷಸರು, ರಾಜರಾಣಿಯರು ಎಲ್ಲ ಕಲ್ಲಾಗಿ ಆ ಉದ್ದನೆಯ ಹಜಾರಗಳಲ್ಲಿ ಸಾಲಾಗಿ ನಿಂತಿದ್ದರು. ಅವರ ಭಾಷೆ ಈಗ ಯಾರಿಗೂ ಬಾರದು. ಉಳಿದದ್ದು ಕಲ್ಲಿನ ಚಿತ್ರಗಳು, ಮತ್ತು ಅವನ್ನು ನೋಡಿ ಪಂಡಿತರು ಕಟ್ಟಿದ ಕಥೆಗಳು. ನೋಡಲು ಬರುವ ದೊಡ್ಡವರು ಇಸವಿ ಕೇಳುತ್ತಾರೆ, ಇಲ್ಲವೇ ಶೌಚಾಲಯ ಎಲ್ಲಿ ಎಂದು ಕೇಳುತ್ತಾರೆ. ಮಕ್ಕಳು ಹಾಗಲ್ಲ. ರೆಕ್ಕೆ ಇದ್ದ ಮೇಲೆ ಸಿಂಹಕ್ಕೆ ಕಾಲು ಯಾಕೆ? ಆಕಾಶವನ್ನು ತಲೆಯ ಮೇಲೆ ಹೊತ್ತ ಹಾವಿಗೆ ಬೆನ್ನು ತುರಿಸಿದರೆ ಏನು ಮಾಡುತ್ತದೆ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ಅವಳ ದಿನಗಳು ಸುಖವಾಗಿ ಕಳೆಯುತ್ತಿದ್ದವು.

ಇವತ್ತು ಮಾತ್ರ ಬೆಳಗಿನಿಂದ ಎದೆ ಢವಗುಟ್ಟುತ್ತಿತ್ತು. ಮಕ್ಕಳ ಸಾಲಿನ ಕೊನೆಯಲ್ಲಿ ಚುಕ್ಕಿ ಇದ್ದಳು.

ಚುಕ್ಕಿ ಅವಳ ಗಂಡನ ಮಗಳು. ಹೆತ್ತ ತಾಯಿ ತೀರಿಕೊಂಡಾಗ ಮಗುವಿಗೆ ಸರಿಯಾಗಿ ಮಾತು ಕೂಡ ಬಂದಿರಲಿಲ್ಲ. ಹೋದ ವರ್ಷ ಮದುವೆಯಾಗಿ ಅವಳು ಆ ಮನೆಗೆ ಬಂದಾಗ ಹುಡುಗಿ ಬಾಗಿಲಲ್ಲಿ ನಿಂತು, "ಬನ್ನಿ, ಕೂತ್ಕೊಳ್ಳಿ" ಎಂದಿದ್ದಳು. ಆ 'ಬನ್ನಿ, ಕೂತ್ಕೊಳ್ಳಿ' ಇವತ್ತಿನವರೆಗೂ ಹೋಗಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ತಲೆ ಬಾಚಿಸಿಕೊಳ್ಳುತ್ತಾಳೆ, ಲೆಕ್ಕ ಹೇಳಿಸಿಕೊಳ್ಳುತ್ತಾಳೆ, ಜ್ವರ ಬಂದಾಗ ಇವಳನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ. ಆದರೆ ಕರೆಯಲು ಒಂದು ಹೆಸರಿಲ್ಲ. ಅಮ್ಮ ಎನ್ನಲು ಬಾಯಿ ಬಾರದು. ಚಿಕ್ಕಮ್ಮ ಎಂದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಆಂಟಿ ಎಂದರೆ ಪಕ್ಕದ ಮನೆಯವರನ್ನು ಕರೆದಂತೆ. ಹಾಗಾಗಿ ಚುಕ್ಕಿ ಅಡುಗೆಮನೆ ಬಾಗಿಲಿಗೆ ಬಂದು ಮೊದಲು ಸಣ್ಣಗೆ ಕೆಮ್ಮುತ್ತಾಳೆ, ಆಮೇಲೆ "ಇಲ್ನೋಡಿ" ಎನ್ನುತ್ತಾಳೆ. "ನೀವು ಊಟ ಮಾಡಿದ್ರಾ?" "ನಿಮ್ಮ ಫೋನು ರಿಂಗಾಗ್ತಿದೆ." ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಮಾತಾಡಿದಂತೆ, ತಪ್ಪೇ ಇಲ್ಲದ ಮರ್ಯಾದೆ.

ಲಿಫ್ಟ್ ರಿಪೇರಿಯ ಕೆಲಸ ಮಾಡುವ ಗಂಡ, "ಸಿಕ್ಕಿಹಾಕ್ಕೊಂಡ ಲಿಫ್ಟನ್ನ ಒದ್ದು ಕೆಳಗಿಳಿಸೋಕ್ಕಾಗಲ್ಲ. ತಾನಾಗೇ ಇಳಿಯುತ್ತೆ, ಕಾಯ್ಬೇಕು," ಎನ್ನುತ್ತಿದ್ದ. ಅವನಿಗೂ ಒಳಗೊಳಗೇ ಕಸಿವಿಸಿ ಇತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಟಿವಿಯವನು ಯಾವುದೋ ಜಿಲ್ಲೆಗೆ ಸರ್ಕಾರ ಮಲತಾಯಿ ಧೋರಣೆ ತೋರಿದೆ ಎಂದು ಗಟ್ಟಿಯಾಗಿ ಓದಿದಾಗ ಮೂವರ ಕೈಯೂ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಅವನು ರಿಮೋಟು ಎತ್ತಿ ಒತ್ತಿದರೆ ಇನ್ನೊಂದು ಚಾನೆಲ್ಲಿನಲ್ಲಿ ಹಾವೊಂದು ಕಪ್ಪೆಯನ್ನು ನುಂಗುತ್ತಿತ್ತು. ಕಪ್ಪೆ ಪೂರ್ತಿ ಒಳಗೆ ಹೋಗುವವರೆಗೂ ಮೂವರೂ ಭಕ್ತಿಯಿಂದ ನೋಡಿದ್ದರು.

ಅವಳ ಎದೆ ಢವಗುಟ್ಟಲು ಕಾರಣ ಎರಡನೆಯ ಹಜಾರದ ಮಧ್ಯದಲ್ಲಿದ್ದ ಒಂದು ಕಲ್ಲು. ಅದರಲ್ಲಿ ಒಬ್ಬ ರಾಣಿ ನೀರಿನ ಅಂಚಿನಲ್ಲಿ ಬಾಗಿ ನಿಂತಿದ್ದಳು. ಚಾಚಿದ ಎರಡೂ ಕೈಗಳಲ್ಲಿ ಒಂದು ಹೆಣ್ಣು ಮಗು. ಕೆಳಗೆ ಹಿತ್ತಾಳೆ ಫಲಕ: 'ಮಲಮಗಳನ್ನು ನದಿಗೆ ಎಸೆಯುತ್ತಿರುವ ರಾಣಿ'. ಎಷ್ಟೋ ಶಾಲೆಗಳ ಮಕ್ಕಳಿಗೆ ಅವಳು ಆ ಕಥೆಯನ್ನು ಕಣ್ಣರಳಿಸಿ, ದನಿ ತಗ್ಗಿಸಿ ಹೇಳಿದ್ದಳು. ಮದುವೆಯಾದ ಮೇಲೂ ಹೇಳಿದ್ದಳು, ನಾಲಗೆ ತಡವರಿಸಿರಲಿಲ್ಲ. ಚುಕ್ಕಿಯ ತರಗತಿಯನ್ನು ಕರೆತರುತ್ತೇವೆ ಎಂದು ಶಾಲೆಯಿಂದ ಫೋನು ಬಂದ ದಿನ ಮಾತ್ರ ಆ ಕಲ್ಲಿನ ಮುಂದೆ ಹೋಗಿ ನಿಂತು ಫಲಕವನ್ನು ಮತ್ತೆ ಮತ್ತೆ ಓದಿದ್ದಳು. ಕೊನೆಗೆ ಒಂದು ಉಪಾಯ ಹೊಳೆದಿತ್ತು: ಆಕಾಶ ಹೊತ್ತ ಹಾವಿನ ಕಥೆ ಮುಗಿದ ಕೂಡಲೇ ಮಕ್ಕಳನ್ನು ಎದುರು ಗೋಡೆಯ ಮೀನುರಾಜನ ಕಡೆ ತಿರುಗಿಸಿಬಿಡುವುದು.

ಹಾಗೇ ಮಾಡಿದಳು. "ಈಗ ಎಲ್ಲರೂ ಈ ಕಡೆ ಬನ್ನಿ. ಮೀಸೆ ಇರೋ ಮೀನನ್ನ ಯಾರಾದ್ರೂ ನೋಡಿದ್ದೀರಾ?" ಎಂದು ಕೈ ತಟ್ಟಿದಳು.

"ಮಿಸ್, ಒಂದು ಕಲ್ಲು ಹಾರಿಸಿಬಿಟ್ರಿ!" ಪಟಾಕಿಯ ದನಿ. ಅವನಾಗಲೇ ಫಲಕದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಅಕ್ಷರ ಜೋಡಿಸಿ ಓದುತ್ತಿದ್ದ. "ಮಲ... ಮಗಳನ್ನು... ಹಾಗಂದ್ರೇನು ಮಿಸ್?"

"ಗಂಡನ ಮೊದಲನೇ ಹೆಂಡತಿಯ ಮಗಳು," ಎಂದಳು ಗೈಡ್.

"ಹಂಗಾದ್ರೆ ಇವಳು ಮಲತಾಯಿ," ಎಂದಳು ಎರಡು ಜಡೆಯ ಹುಡುಗಿಯೊಬ್ಬಳು, ಎಲ್ಲ ತಿಳಿದವಳಂತೆ. "ಕಥೇಲಿ ಮಲತಾಯಿ ಬಂದ್ರೆ ಮುಗೀತು. ವಿಷ ಹಾಕ್ತಾಳೆ, ಇಲ್ಲ ಕಾಡಿಗೆ ಕಳಿಸ್ತಾಳೆ. ಇವಳು ನೀರಿಗೆ ಹಾಕ್ತಿದ್ದಾಳೆ."

ಗೈಡ್ ಚುಕ್ಕಿಯತ್ತ ನೋಡದೆ ಇರಲು ಪ್ರಯತ್ನಪಟ್ಟಳು, ಆಗಲಿಲ್ಲ. ಚುಕ್ಕಿ ತಲೆ ತಗ್ಗಿಸಿ ತನ್ನ ಬೂಟಿನ ಲೇಸನ್ನೇ ನೋಡುತ್ತಿದ್ದಳು. ಮೇಷ್ಟ್ರು ಗಡಿಯಾರ ನೋಡಿದರು. ಮಕ್ಕಳೆಲ್ಲ ಕಥೆಗಾಗಿ ಬಾಯಿ ತೆರೆದು ನಿಂತಿದ್ದರು. ಬೇರೆ ದಾರಿ ಇರಲಿಲ್ಲ; ಅವಳು ಕಲ್ಲಿನ ಹತ್ತಿರ ಬಂದಳು. ಬಂದವಳು ಮೊದಲ ಸಲ ಎನ್ನುವಂತೆ ಆ ರಾಣಿಯ ಕೈಗಳನ್ನು ನೋಡಿದಳು.

"ಫಲಕ ಬರೆದೋರು ಹಾಗಂತಾರೆ," ಎಂದಳು ನಿಧಾನವಾಗಿ. "ಅವರೂ ನಮ್ಮ ಹಾಗೇ ಕಲ್ಲು ನೋಡಿ ಬರೆದಿದ್ದು. ನೀವೂ ನೋಡಿ. ಏನು ಕಾಣುತ್ತೆ ಹೇಳಿ."

ಪಟಾಕಿ ಎದ್ದು, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ ನೋಡಿ, "ಎಸೆಯೋರು ಹಿಂಗೆ ಬಗ್ತಾರಾ?" ಎಂದ. ಎರಡು ಜಡೆಯವಳ ಕೈಯಿಂದ ಶಾಲೆಯ ಚೀಲವನ್ನು ಕಸಿದುಕೊಂಡು, ದೇಹ ಹಿಂದಕ್ಕೆ ಬಾಗಿಸಿ ಎಸೆಯುವವನಂತೆ ಬೀಸಿದ. "ನೋಡಿ, ಎಸೆಯೋವಾಗ ಹಿಂದಕ್ಕೆ ವಾಲ್ಬೇಕು. ಇವಳು ಮುಂದಕ್ಕೆ ವಾಲಿದ್ದಾಳೆ, ನೀರಿಂದ ಎತ್ತೋರ ಥರ."

"ಮೆಲ್ಲಗೆ ಬಿಡ್ತಿರಬಹುದು," ಎಂದಳು ಚೀಲದ ಒಡತಿ. "ಸದ್ದಾದ್ರೆ ರಾಜ ಬರ್ತಾನಲ್ಲ. ಕೊಡೋ ಇಲ್ಲಿ, ಅದರಲ್ಲಿ ನನ್ನ ಡಬ್ಬಿ ಇದೆ!"

ಆಮೇಲೆ ಹಜಾರ ಹಜಾರವಾಗಿ ಉಳಿಯಲಿಲ್ಲ. ಒಬ್ಬರು ಚೀಲವನ್ನು ಇಲ್ಲದ ನೀರಿಗೆ ಎಸೆದರು, ಒಬ್ಬರು ನೀರಿನಿಂದ ಎತ್ತಿದರು. ಎಸೆಯುವ ಪಕ್ಷ, ಎತ್ತುವ ಪಕ್ಷ ಎಂದು ಎರಡು ಪಕ್ಷಗಳಾದವು. "ನೆಲದ ಮೇಲೆ ಹಾಕ್ಬೇಡ್ರೋ!" ಎನ್ನುತ್ತಿದ್ದ ಮೇಷ್ಟ್ರೇ ಸ್ವಲ್ಪ ಹೊತ್ತಿಗೆ, "ಮಂಡಿ ನೋಡ್ರೋ, ಮಂಡಿ. ಭಾರ ಎತ್ತೋವಾಗ ಮಂಡಿ ಹಾಗೇ ಮಡಿಸ್ತೀವಿ," ಎಂದು ಒಂದು ಪಕ್ಷಕ್ಕೆ ಸೇರಿಕೊಂಡರು. ಕಾವಲುಗಾರ ಬಾಗಿಲಿನಿಂದ ಇಣುಕಿ, ಗೈಡ್ ನಗುತ್ತಿರುವುದನ್ನು ಕಂಡು ವಾಪಸಾದ. ಅವಳು ನಿಜಕ್ಕೂ ನಗುತ್ತಿದ್ದಳು. ಇಷ್ಟು ವರ್ಷ ತನಗೆ ಹೊಳೆಯದ ಪ್ರಶ್ನೆ ಇದು ಎಂಬ ನಾಚಿಕೆಗಿಂತ, ಹೊಳೆಯಿತಲ್ಲ ಎಂಬ ಖುಷಿಯೇ ದೊಡ್ಡದಾಗಿತ್ತು.

ಯಾರೂ ಗಮನಿಸದ ಹೊತ್ತಿನಲ್ಲಿ ಚುಕ್ಕಿ ಸಾಲು ಬಿಟ್ಟು ಮುಂದಿನ ಕಲ್ಲಿನ ಹತ್ತಿರ ಹೋಗಿದ್ದಳು. ಆ ಕಲ್ಲು ಯಾವ ಕಾಲದಲ್ಲೋ ಒಡೆದು ಹೋಗಿತ್ತು. ಉಳಿದದ್ದು ಕೆಳಗಿನ ಒಂದು ಗೇಣು ಪಟ್ಟಿ. ಅದರಲ್ಲಿ ಮೆರವಣಿಗೆ ಹೊರಟವರ ಪಾದಗಳ ಸಾಲು ಮಾತ್ರ ಇತ್ತು. ಯಾರ ಕಾಲೋ ಏನೋ ಎಂದು ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಚುಕ್ಕಿ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಹಾಸುಗಲ್ಲಿಗೆ ಒತ್ತಿ, ಆ ಕಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನೋಡುನೋಡುತ್ತ ಧಿಗ್ಗನೆ ಎದ್ದಳು. ಓಡಿ ಬಂದು ಗೈಡಿನ ಮಣಿಕಟ್ಟು ಹಿಡಿದು ಎಳೆದಳು.

"ಬಾ ಇಲ್ಲಿ! ನೀನೇ ನೋಡು ಬಾ, ಬೇಗ! ದೊಡ್ಡ ಕಾಲಿನ ಪಕ್ಕ ಚಿಕ್ಕ ಕಾಲಿದೆ!"

ಗೈಡ್ ಅವಳು ಎಳೆದಲ್ಲಿಗೆ ಹೋದಳು. ಕಿವಿಯಲ್ಲಿ 'ಬಾ, ನೀನೇ ನೋಡು ಬಾ' ಎಂಬುದೇ ಗುಂಯ್‌ಗುಡುತ್ತಿತ್ತು. ಚುಕ್ಕಿಗೆ ತಾನು ಏನೆಂದೆ ಎಂಬುದರ ಅರಿವೇ ಇರಲಿಲ್ಲ. ಅವಳ ಕೆನ್ನೆಯ ಮೇಲೆ ನೆಲದ ಧೂಳು ಅಂಟಿತ್ತು. ಅವಳ ಬೆರಳು ತೋರಿಸಿದಲ್ಲಿ, ರಾಣಿಯ ಕಾಲಲ್ಲಿದ್ದಂಥದೇ ಕಾಲಂದುಗೆ ತೊಟ್ಟ ಎರಡು ಪಾದಗಳ ಪಕ್ಕದಲ್ಲಿ, ಪುಟ್ಟ ಪುಟ್ಟ ಎರಡು ಬರಿಗಾಲುಗಳಿದ್ದವು.

"ಏಯ್!" ಮೇಷ್ಟ್ರ ದನಿ ಹಜಾರದ ತುಂಬ ಮೊಳಗಿತು. "ದೊಡ್ಡವರಿಗೆ ಬಾ, ನೀನು ಅಂತ ಮಾತಾಡ್ತೀಯಾ? ನಿಮ್ಮನೇಲಿ ಇದೇ ಕಲಿಸಿದ್ದಾರಾ? ಕ್ಷಮಿಸಿ ಅನ್ನು ಅವರಿಗೆ."

ಚುಕ್ಕಿಯ ಮುಖದ ಬಣ್ಣ ಇಳಿದುಹೋಯಿತು. ಹಿಡಿದಿದ್ದ ಮಣಿಕಟ್ಟನ್ನು ಬಿಸಿ ಪಾತ್ರೆಯೇನೋ ಎಂಬಂತೆ ಬಿಟ್ಟಳು. "ಕ್ಷ..." ಎಂದು ಶುರು ಮಾಡಿದಳು.

"ಬೇಡ!" ಎಂದುಬಿಟ್ಟಳು ಗೈಡ್. ಅದು ಎಷ್ಟು ಜೋರಾಗಿ ಬಂತೆಂದರೆ ಎಸೆಯುವ ಪಕ್ಷದವರೂ ಎತ್ತುವ ಪಕ್ಷದವರೂ ಚೀಲ ಹಿಡಿದು ಹಾಗೇ ನಿಂತರು. ಅವಳು ದನಿ ತಗ್ಗಿಸಿಕೊಂಡಳು. "ಬೈಬೇಡಿ ಮೇಷ್ಟ್ರೇ. ಅದನ್ನ ಹಾಗೇ ಇರೋದಕ್ಕೆ ಬಿಡಿ. ಅವಳು... ಅವಳು ನನ್ನನ್ನ ಹಾಗೆ ಕರೀಬಹುದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಇಬ್ಬರನ್ನೂ ನೋಡಿದರು. ಪಟಾಕಿಗೆ ಅಷ್ಟು ತಾಳ್ಮೆ ಎಲ್ಲಿಯದು? "ಚುಕ್ಕಿ, ಇವರು ನಿಂಗೆ ಗೊತ್ತಾ? ನಿನಗೆ ಇವರು ಏನಾಗ್ಬೇಕು?"

ಮಗುವಿನ ಸಹಾಯಕ್ಕೆ ತಾನೇ ಏನಾದರೂ ಹೇಳಿಬಿಡಲೇ ಎಂದು ಗೈಡಿಗೆ ಎನಿಸಿತು. ಆದರೆ ಅದು ತನಗೆ ಕೇಳಿದ ಪ್ರಶ್ನೆಯಲ್ಲ. ಚುಕ್ಕಿ ಒಮ್ಮೆ ಅವಳನ್ನು, ಒಮ್ಮೆ ಮೇಷ್ಟ್ರನ್ನು ನೋಡಿದಳು. ಇರುವ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ, ಯಾವುದೂ ಅಳತೆಗೆ ಸರಿಹೋಗದೆ, ಕೊನೆಗೆ ಗಟ್ಟಿಯಾಗಿ ಹೇಳಿದಳು:

"ನಮ್ಮನೆಯವರು."

ಮೇಷ್ಟ್ರು ಕೆಮ್ಮಿದರು. ಪಟಾಕಿ ಕಣ್ಣು ದೊಡ್ಡದು ಮಾಡಿ, "ಅಯ್ಯೋ, ನಮ್ಮಮ್ಮ ನಮ್ಮಪ್ಪನಿಗೆ ಹಂಗನ್ನೋದು! 'ನಮ್ಮನೆಯವರು ಆಫೀಸಿಗೆ ಹೋಗಿದ್ದಾರೆ' ಅಂತ!" ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಭುಜ ಕುಲುಕಿಸುತ್ತಿದ್ದರು. ಚುಕ್ಕಿ ಕಿವಿಯವರೆಗೂ ಕೆಂಪಾದಳು, ತುಟಿ ಕಚ್ಚಿ ನಿಂತಳು. ಆದರೆ ಗೈಡ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿರುವುದನ್ನು ಕಂಡು ಅವಳಿಗೂ ತಡೆಯಲಾಗಲಿಲ್ಲ.

"ಸರಿ, ನಮ್ಮನೆಯವರೇ," ಎಂದಳು ಅವಳು ಚುಕ್ಕಿಗೆ, "ಆ ಕಾಲು ಎಲ್ಲರಿಗೂ ತೋರಿಸಿ."

ಮಕ್ಕಳು ಸರದಿಯ ಮೇಲೆ ಬೋರಲು ಮಲಗಿ ಪುಟ್ಟ ಪಾದಗಳನ್ನು ನೋಡಿದರು. ಚುಕ್ಕಿ ವಕೀಲರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಎಸೆದಿದ್ರೆ ಈ ಕಾಲು ಯಾರದು? ಎತ್ಕೊಂಡಿದ್ದಾಳೆ. ಆಮೇಲೆ ಜೊತೇಲಿ ನಡೆಸ್ಕೊಂಡು ಹೋಗ್ತಿದ್ದಾಳೆ."

"ಅದು ಬೇರೆ ಮಗು ಇರಬಹುದು. ರಾಣಿಯ ಸ್ವಂತದ್ದು," ಎಂದಳು ಎರಡು ಜಡೆಯವಳು, ಸುಲಭಕ್ಕೆ ಬಗ್ಗುವವಳಲ್ಲ.

ಎಲ್ಲರೂ ಗೈಡಿನ ಕಡೆ ತಿರುಗಿದರು. ಹೌದು, ಅದೇ ಮಗು ಎಂದುಬಿಡುವುದು ಎಷ್ಟು ಸುಲಭವಿತ್ತು! ಚುಕ್ಕಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇರಬಹುದು," ಎಂದಳು. "ನನಗೆ ಗೊತ್ತಿಲ್ಲ. ಗೊತ್ತಿರೋರು ಯಾರೂ ಉಳಿದಿಲ್ಲ. ಆದ್ರೆ ಇನ್ನು ಮೇಲೆ ಈ ಕಥೆ ಹೇಳೋವಾಗ ಆ ಕಾಲನ್ನ ಬಿಡದೆ ತೋರಿಸ್ತೀನಿ."

ಚುಕ್ಕಿ ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ಅಷ್ಟು ಸಾಕು ಎನ್ನುವಂತೆ. ಪಟಾಕಿ ಆಗಲೇ ಮೀಸೆಯ ಮೀನಿನ ಮುಂದೆ ನಿಂತು ಎಲ್ಲರನ್ನೂ ಕರೆಯುತ್ತಿದ್ದ.

ಸಂಜೆಗೆ ಮುಂಚೆ ಶಾಲೆಯ ವ್ಯಾನು ಹೊರಟಾಗ ಚುಕ್ಕಿ ಹತ್ತಲಿಲ್ಲ. "ನಾನು ಇವರ ಜೊತೆ ಹೋಗ್ತೀನಿ ಸಾರ್," ಎಂದಳು. ಮೇಷ್ಟ್ರು "ಹೋಗಮ್ಮ, ನಿಮ್ಮನೆಯವರ ಜೊತೆ ಹೋಗು," ಎಂದು ಮತ್ತೊಮ್ಮೆ ನಕ್ಕರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಚುಕ್ಕಿ ಮುಂದಿನ ಸೀಟಿನ ಕಂಬಿ ಹಿಡಿದು ಬಹಳ ಹೊತ್ತು ಏನನ್ನೋ ಲೆಕ್ಕ ಹಾಕುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ, "ನೀರಿದೆಯಾ?" ಎಂದಳು. ನೀವು ಎಂದೂ ಇಲ್ಲ, ನೀನು ಎಂದೂ ಇಲ್ಲ. ಅವಳು ನಗು ನುಂಗಿಕೊಂಡು ಬಾಟಲಿ ಕೊಟ್ಟಳು. ಎರಡು ಗುಟುಕು ಕುಡಿದ ಹುಡುಗಿಗೆ, ಬೆಳಗಿನಿಂದ ಕುಣಿದ ಆಯಾಸವೆಲ್ಲ ಒಟ್ಟಿಗೇ ಬಂದು ಕಣ್ಣೆಳೆಯಿತು. ತಲೆ ಮೊದಲು ಕಿಟಕಿಗೆ ವಾಲಿತು, ಗಾಜು ಕುಲುಕಿದಾಗ ಈ ಕಡೆ ಬಂದು ಅವಳ ತೋಳಿನ ಮೇಲೆ ಬಿತ್ತು. ಬಾಯಿ ಅರೆ ತೆರೆದಿತ್ತು. ಜಡೆ ಬಿಚ್ಚಿಹೋಗಿತ್ತು.

ತೋಳು ಜೋಮು ಹಿಡಿಯಿತು. ಅವಳು ಅಲುಗಾಡಲಿಲ್ಲ. ಔಷಧಿ ಅಂಗಡಿ ಬಂತು, ಪೆಟ್ರೋಲ್ ಬಂಕು ಬಂತು, ಅವರ ಬೀದಿಯ ತಿರುವೂ ಬಂತು. ಬಸ್ಸು ನಿಂತಿತು. ದಿನಾ ಅವಳನ್ನು ಅಲ್ಲಿ ಇಳಿಸುವ ಕಂಡಕ್ಟರ್ ಬಾಗಿಲಿನಿಂದಲೇ, "ಏನ್ ಮೇಡಂ, ಇಳಿಯೋದಿಲ್ವಾ?" ಎಂದು ಕೇಳಿದ.

ಅವಳು ತುಟಿಯ ಮೇಲೆ ಬೆರಳಿಟ್ಟು, ಮುಂದಿನದು ಎಂದು ಕೈಸನ್ನೆ ಮಾಡಿದಳು. ಅವನು ಮೆಲ್ಲಗೆ ಸೀಟಿ ಊದಿದ. ಬಸ್ಸು ಹೊರಟಿತು, ಇಳಿಬಿಸಿಲು ಕಿಟಕಿಯಿಂದ ಕಿಟಕಿಗೆ ದಾಟುತ್ತ ಇಬ್ಬರ ಮಡಿಲ ಮೇಲೂ ಬಂದು ಕೂತಿತು.