ಚಂದ್ರಮತಿ ಎತ್ತಿಕೊಟ್ಟ ಚೆಂಡು

ಆ ದಿನಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಕಾಲುಗಳು. ನೂಲಿನ ಗಿರಣಿಯ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕುಳಿತ ಗಂಡಸರು ಒಳಕ್ಕೆ ಇಳಿಬಿಟ್ಟ ಕಾಲುಗಳು. ಚಪ್ಪಲಿ ಹಾಕಿದವು, ಹಾಕದವು, ಪಂಚೆ ಎತ್ತಿ ಕಟ್ಟಿದವು. ಆಟ ಹಿಡಿಸಿದರೆ ಅವು ಹಿಮ್ಮಡಿಯಿಂದ ಗೋಡೆಯನ್ನು ತಟ್ಟುತ್ತಿದ್ದವು. ಹಿಡಿಸದಿದ್ದರೆ ಸುಮ್ಮನೆ ಜೋತುಬಿದ್ದಿರುತ್ತಿದ್ದವು. ಮುಖಗಳನ್ನು ನೋಡುವ ತಾಳ್ಮೆ ನನಗಿರಲಿಲ್ಲ. ಊರಿನ ತೀರ್ಪು ತಿಳಿಯಲು ಕಾಲುಗಳೇ ಸಾಕಾಗಿದ್ದವು.

ನಾನು ಆ ಗಿರಣಿಯ ಕಚೇರಿಯಲ್ಲಿ ಹಾಜರಿ ಗುಮಾಸ್ತೆಯಾಗಿದ್ದೆ. ಹರೆಯದಲ್ಲಿ ವಾಲಿಬಾಲ್ ಆಡಿದ್ದೆನೆಂಬ ಕಾರಣಕ್ಕೆ ಗಿರಣಿಯ ಹೆಂಗಸರ ತಂಡಕ್ಕೆ ತರಬೇತಿ ಕೊಡುವ ಹೊಣೆಯೂ ನನ್ನ ತಲೆಗೇ ಬಂದಿತ್ತು. ಪಾಳಿ ಮುಗಿಸಿದ ಹುಡುಗಿಯರು ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಕೊಡವಿಕೊಳ್ಳುತ್ತಾ ಮೈದಾನಕ್ಕೆ ಬರುತ್ತಿದ್ದರು. ವರ್ಷಕ್ಕೊಮ್ಮೆ ಸುತ್ತಲಿನ ಗಿರಣಿಗಳೆಲ್ಲ ಸೇರಿ ನಡೆಸುವ ಪಂದ್ಯಾವಳಿಯೇ ನಮ್ಮ ಪಾಲಿನ ದೊಡ್ಡ ಹಬ್ಬ.

ವಾಲಿಬಾಲ್ ತಂಡದ ಜೀವ ಇರುವುದು ಲಿಫ್ಟರ್‌ನ ಕೈಯಲ್ಲಿ. ಬಲೆಯ ಪಕ್ಕ ನಿಂತು, ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವಳು ಅವಳು. ಯಾರಿಗೆ ಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಗೆದ್ದರೆ ಹೆಸರು ಹೊಡೆದವಳಿಗೆ, ಸೋತರೆ ಬೈಗುಳ ಲಿಫ್ಟರ್‌ಗೆ. ನಮ್ಮ ಲಿಫ್ಟರ್ ಜಯಶೀಲ ಬಹಳ ವರ್ಷ ಆಡಿ ಹೆಸರು ಮಾಡಿದವಳು. ಮದುವೆಯಾಗಿ ಪಕ್ಕದ ಊರಿಗೆ ಹೋದಳು. ಹೋದವಳು ಅಲ್ಲಿನ ಗಿರಣಿಯ ತಂಡ ಸೇರಿಕೊಂಡಳು. ಅವಳ ಜಾಗಕ್ಕೆ ಬಂದವಳೇ ಚಂದ್ರಮತಿ.

ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಆಟಕ್ಕೆಂದೇ ಅವಳನ್ನು ನೂಲು ಸುತ್ತುವ ವಿಭಾಗಕ್ಕೆ ಬದಲಿ ಕೆಲಸಗಾರ್ತಿಯಾಗಿ ತೆಗೆದುಕೊಂಡಿದ್ದರು. ಖಾಯಂ ಆಗುವುದು ಆಟ ನೋಡಿಕೊಂಡು ಎಂದು ಮ್ಯಾನೇಜರ್ ಪದ್ಮನಾಭಯ್ಯನವರು ಮೊದಲೇ ಹೇಳಿದ್ದರು. ಅವಳು ಹಿಂದಿದ್ದ ಕೆಲಸ ಬಿಟ್ಟು, ಅಜ್ಜಿಯನ್ನೂ ಕರೆದುಕೊಂಡು, ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದಳು.

ಪಂದ್ಯಾವಳಿಗೆ ಮುನ್ನ ಮೂರು ಅಭ್ಯಾಸ ಪಂದ್ಯಗಳನ್ನು ಗೊತ್ತುಮಾಡಿದ್ದೆ. ಮೊದಲನೆಯದು ಹೆಣ್ಣುಮಕ್ಕಳ ಕಾಲೇಜಿನ ತಂಡದ ಮೇಲೆ. ಪಾಪ, ಆ ಮಕ್ಕಳಿಗೆ ಸರ್ವಿಸ್ ಕೂಡ ಬಲೆ ದಾಟುತ್ತಿರಲಿಲ್ಲ. ನಮ್ಮ ತಂಡದ ಮುಖ್ಯ ಹೊಡೆತಗಾರ್ತಿ ರೋಸ್ಲಿನ್. ಎತ್ತರದ, ಗಟ್ಟಿ ಭುಜದ ಹುಡುಗಿ. ಚಂದ್ರಮತಿ ಎತ್ತಿದಳು, ರೋಸ್ಲಿನ್ ಬಡಿದಳು, ಆಟ ಬೇಗನೆ ಮುಗಿಯಿತು. ಗೋಡೆಯ ಮೇಲಿನ ಕಾಲುಗಳು ಡೋಲು ಬಾರಿಸಿದಂತೆ ಬಾರಿಸಿದವು.

ಸೋಡಾ ಅಂಗಡಿಯ ಮರಿಸ್ವಾಮಿ ಗೋಡೆಯಿಂದ ಇಳಿದು ಬಂದ. ಅವನು ಆ ಗೋಡೆಯ ಮುಖ್ಯ ನ್ಯಾಯಾಧೀಶ.

"ಅಮ್ಮಾವ್ರೇ, ಜಯಶೀಲ ಇವಳ ಮುಂದೆ ಏನೂ ಅಲ್ಲ ಬಿಡಿ. ಕಪ್ ನಮ್ದೇ."

"ಒಂದು ಪಂದ್ಯ ಆಗಿದೆ ಮರಿಸ್ವಾಮಿ. ಅದೂ ಮಕ್ಕಳ ಮೇಲೆ."

"ಒಂದು ಅಗುಳು ಮುಟ್ಟಿದ್ರೆ ಗೊತ್ತಾಗಲ್ವಾ?" ಎಂದು ನಕ್ಕ. ನನಗೆ ಸಿಟ್ಟು ಬಂತು. ಅವನ ಹತ್ತಿರ ವಾದ ಮಾಡಿದರೆ ಇನ್ನೂ ನಾಲ್ಕು ಜನ ಇಳಿದು ಬರುತ್ತಿದ್ದರು, ಅದಕ್ಕೇ ಸುಮ್ಮನಾದೆ. ಮರುದಿನ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಚಂದ್ರಮತಿಯದೇ ಮಾತು. ಅವಳ ಬೆರಳುಗಳ ಬಗ್ಗೆ ಒಬ್ಬ ಗುಮಾಸ್ತ ಅರ್ಧ ಗಂಟೆ ಮಾತಾಡಿದ. ಅವನು ಅವಳನ್ನು ನೋಡಿದ್ದು ಗೋಡೆಯ ತುದಿಯಿಂದ.

ಎರಡನೆಯ ಪಂದ್ಯ ಆಸ್ಪತ್ರೆಯ ನರ್ಸ್‌ಗಳ ತಂಡದ ಮೇಲೆ. ಅವರು ಚೆನ್ನಾಗಿಯೇ ಆಡುತ್ತಿದ್ದರು, ಆದರೆ ನಮ್ಮನ್ನು ಸೋಲಿಸುವಷ್ಟಲ್ಲ. ಆ ದಿನ ಚಂದ್ರಮತಿಗೆ ಏನು ಹಿಡಿಯಿತೋ ತಿಳಿಯದು. ಚೆಂಡು ಕೈಗೆ ಬಂದಾಗಲೆಲ್ಲ ರೋಸ್ಲಿನ್ ಕಡೆಗೆ ಬೆನ್ನು ಮಾಡಿ, ಬಲತುದಿಯಲ್ಲಿದ್ದ ಪುಟ್ಟಗೌರಿಗೆ ಎತ್ತತೊಡಗಿದಳು. ಪುಟ್ಟಗೌರಿ ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಅಂಜುಕುಳಿ. ಜಯಶೀಲಳ ಕಾಲದಲ್ಲಿ ಅವಳಿಗೆ ಒಂದು ಆಟಕ್ಕೆ ಒಂದು ಚೆಂಡು ಸಿಕ್ಕಿದರೆ ಅದೇ ಹೆಚ್ಚು. ಅವಳು ಹೊಡೆದದ್ದು ಬಲೆಗೆ ಬಿತ್ತು. ಮುಂದಿನದು ಗೆರೆಯ ಆಚೆ ಹೋಯಿತು. ಅದರ ಮುಂದಿನದು ಮತ್ತೆ ಬಲೆಗೆ. ಚಂದ್ರಮತಿ ಮತ್ತೆ ಅವಳಿಗೇ ಎತ್ತಿದಳು.

ರೋಸ್ಲಿನ್ ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ನೋಡಿದಳು. ನಾನು ಬಿಡುವು ಕೇಳಿ, ಚಂದ್ರಮತಿಗೆ "ರೋಸ್ಲಿನ್‌ಗೆ ಕೊಡು" ಎಂದೆ. "ಹೂಂ ಅಕ್ಕ" ಎಂದಳು. ಹೋಗಿ ಪುಟ್ಟಗೌರಿಗೇ ಕೊಟ್ಟಳು. ಗೋಡೆಯ ಮೇಲೆ ಶಿಳ್ಳೆ ಶುರುವಾಯಿತು. ಆಮೇಲೆ ನಗು. ಆಮೇಲೆ ಪುಟ್ಟಗೌರಿಯ ಎತ್ತರದ ಬಗ್ಗೆ ಮಾತುಗಳು. ಕೊನೆಗೆ ಕಾಲುಗಳೆಲ್ಲ ಜೋತುಬಿದ್ದವು. ನಾವು ಸೋತೆವು. ಪುಟ್ಟಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಯಾರ ಕಡೆಗೂ ನೋಡದೆ ಗೇಟು ದಾಟಿ ಹೋದಳು.

ಮರಿಸ್ವಾಮಿ ಮತ್ತೆ ಇಳಿದು ಬಂದ. "ನಾನು ಅವತ್ತೇ ಅಂದ್ಕೊಂಡೆ ಅಮ್ಮಾವ್ರೇ, ಇವಳ ಕೈಯಲ್ಲಿ ದಮ್ಮಿಲ್ಲ ಅಂತ." ಯಾವತ್ತು ಅಂದುಕೊಂಡೆ ಎಂದು ಕೇಳುವ ಶಕ್ತಿಯೂ ನನಗೆ ಉಳಿದಿರಲಿಲ್ಲ.

ಚಂದ್ರಮತಿ ನಲ್ಲಿಯ ಬಳಿ ಕಾಲು ತೊಳೆಯುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

"ನಿನಗೆ ಕಿವಿ ಕೇಳಿಸುತ್ತಾ?"

"ಕೇಳಿಸುತ್ತೆ ಅಕ್ಕ."

"ಮತ್ತೆ? ಊರೆಲ್ಲ ಸೇರಿದಾಗ ಆ ಹುಡುಗಿ ಮಾನ ಕಳೆದೆ. ನಿನ್ನ ಕೆಲಸವನ್ನೂ ಕಳ್ಕೊಳ್ತೀಯ. ಏನು ಸಾಧಿಸೋಕೆ ಹೊರಟಿದ್ದೆ?"

ಅವಳು ನಲ್ಲಿ ನಿಲ್ಲಿಸಿದಳು. ಸುತ್ತ ಯಾರಿಲ್ಲವೆಂದು ನೋಡಿಕೊಂಡಳು. "ಇದು ಅಭ್ಯಾಸ ಪಂದ್ಯ ಅಲ್ವಾ ಅಕ್ಕ?"

"ಅದಕ್ಕೆ?"

"ಅಭ್ಯಾಸ ಮಾಡಿದೆ."

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವಳು ಮೆಲ್ಲಗೆ ಮುಂದುವರಿಸಿದಳು. "ಪಂದ್ಯಾವಳೀಲಿ ಜಯಶೀಲಕ್ಕನ ತಂಡ ಎದುರಿಗೆ ಬಂದೇ ಬರುತ್ತೆ. ರೋಸ್ಲಿನ್‌ಗೆ ಅಷ್ಟು ವರ್ಷ ಚೆಂಡು ಎತ್ತಿಕೊಟ್ಟವರು ಅವರೇ. ರೋಸ್ಲಿನ್ ಎಲ್ಲಿ ಹಾರ್ತಾಳೆ, ಯಾವ ಮೂಲೆಗೆ ಹೊಡೀತಾಳೆ, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಎದುರಿಗೆ ಇಬ್ಬರನ್ನ ನಿಲ್ಲಿಸ್ತಾರೆ. ಆಗ ಬಲಗಡೆ ಖಾಲಿ ಇರುತ್ತೆ. ಅಲ್ಲಿ ಇರೋದು ಪುಟ್ಟಗೌರಿ. ಅವಳು ಹೊಡೀತಾಳೋ ಇಲ್ವೋ ಅಂತ ನಾನು ಎಲ್ಲಿ ನೋಡಬೇಕಿತ್ತು ಅಕ್ಕ, ಪಂದ್ಯಾವಳೀಲೇ ಹೋಗಿ ನೋಡಬೇಕಿತ್ತಾ?"

ಅವಳ ಮಾತು ಸರಿಯೆನಿಸಿ ನನಗೆ ಇನ್ನೂ ಸಿಟ್ಟು ಬಂತು. "ನನಗೆ ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಅವಳಿಗೆ ಧೈರ್ಯ ಹೇಳ್ತಿದ್ರಿ. ಆಮೇಲೆ ನಾನು ನೋಡ್ತಿದ್ದಿದ್ದು ನೀವು ಹೇಳಿದ ಧೈರ್ಯಾನ. ಅವಳದ್ದನ್ನಲ್ಲ."

"ಈಗ ನೋಡಿದೆಯಲ್ಲ. ಏನಾಯಿತು? ಒಂದೂ ನೆಟ್ಟಗೆ ಬೀಳಲಿಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡು, "ಇದನ್ನ ಯಾರಿಗೂ ಹೇಳಬೇಡಿ ಅಕ್ಕ. ಗೋಡೆ ಮೇಲಿರೋರಿಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ಜಯಶೀಲಕ್ಕನಿಗೆ ಗೊತ್ತಾಗುತ್ತೆ" ಎಂದಳು. ಅದು ಮಾತ್ರ ನಿಜವಾಗಿತ್ತು.

ಅಲ್ಲಿಂದ ನನ್ನ ಪಾಡು ಹೇಳತೀರದು. ಪುಟ್ಟಗೌರಿ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದಳು. ಹತ್ತಿ ಹಿಂಜುವ ವಿಭಾಗಕ್ಕೆ ಹೋಗಿ, ಯಂತ್ರಗಳ ಸದ್ದಿನ ನಡುವೆ ಅವಳ ಕಿವಿಯ ಬಳಿ ಕೂಗಿ ಕೇಳಿದೆ. ಅವಳೂ ಕೂಗಿಯೇ ಹೇಳಿದಳು: "ನಾನು ಅವಳಿಗೆ ಏನು ಅನ್ಯಾಯ ಮಾಡಿದ್ದೆ? ನಮ್ಮ ಓಣೀಲಿ ಮಕ್ಕಳು ಕೂಡ ನನ್ನ ನೋಡಿ ಹಾರಿ ತೋರಿಸ್ತಾವೆ." ರೆಪ್ಪೆಗೂದಲಿಗೆ ಹತ್ತಿಯ ಧೂಳು ಹತ್ತಿತ್ತು, ಅತ್ತಿದ್ದಳೋ ಇಲ್ಲವೋ ತಿಳಿಯುವಂತಿರಲಿಲ್ಲ. ರೋಸ್ಲಿನ್ ಬೇರೆ ಬಂದು, "ಆ ಲಿಫ್ಟರ್ ಇದ್ರೆ ನಾನಿಲ್ಲ" ಎಂದು ಹೇಳಿಹೋದಳು. ಅದೇ ಮಧ್ಯಾಹ್ನ ಪದ್ಮನಾಭಯ್ಯನವರಿಂದ ಕರೆ ಬಂತು.

"ನೋಡಮ್ಮ, ನನಗೆ ವಾಲಿಬಾಲ್ ಗೊತ್ತಿಲ್ಲ. ಆದರೆ ಸೋಲು ಗೊತ್ತು" ಎಂದರು. "ನರ್ಸಮ್ಮಂದಿರ ಕೈಲಿ ಸೋತ್ವಂತೆ. ಆ ಹುಡುಗೀನ ಬಿಟ್ಟು ರಿಸರ್ವ್‌ನಲ್ಲಿ ಇರೋಳನ್ನ ನಿಲ್ಲಿಸಿ."

"ಅದು ಅಭ್ಯಾಸ ಪಂದ್ಯ ಸಾರ್."

"ಅಭ್ಯಾಸದಲ್ಲೇ ಹೀಗಾದ್ರೆ?"

"ಹೀಗಾಗಲಿ ಅಂತಲೇ ಅಭ್ಯಾಸ ಮಾಡೋದು ಸಾರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದ್ರೆ ಮೊದಲನೇ ಪಂದ್ಯ ಗೆದ್ದಾಗ ನೀವ್ಯಾಕೆ ಹಾಗೆ ಹೇಳಲಿಲ್ಲ?"

"ಹೇಳಿದೆ ಸಾರ್. ಯಾರೂ ಕೇಳಿಸಿಕೊಳ್ಳಲಿಲ್ಲ."

"ಅವಳಲ್ಲಿ ಅಂಥದ್ದೇನಿದೆ, ನನಗೊಂದು ಕಾರಣ ಕೊಡಿ."

ಕಾರಣ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಬಾಗಿಲ ಬಳಿ ಚಹಾ ಹಿಡಿದುಕೊಂಡು ಅಟೆಂಡರ್ ನಿಂತಿದ್ದ. ಅವನೂ ಸಂಜೆ ಗೋಡೆಯ ಮೇಲೆ ಕೂರುವವನೇ. "ನನಗೆ ಅವಳ ಮೇಲೆ ನಂಬಿಕೆ ಇದೆ ಸಾರ್" ಎಂದಷ್ಟೇ ಹೇಳಿದೆ. ನನ್ನ ಕಿವಿಗೇ ಅದು ಪೆದ್ದುಪೆದ್ದಾಗಿ ಕೇಳಿಸಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಂಬಿಕೆಗಿಂತ ಅವಳ ಮೇಲೆ ಕೋಪವೇ ಹೆಚ್ಚಾಗಿತ್ತು.

"ಭಾನುವಾರದ ಕೊನೇ ಅಭ್ಯಾಸ ಪಂದ್ಯಕ್ಕೆ ನಾನೇ ಬರ್ತೀನಿ. ಚೆಂಡು ರೋಸ್ಲಿನ್‌ಗೆ ಹೋಗಬೇಕು. ಇಲ್ಲದಿದ್ರೆ ಆ ಹುಡುಗಿಯ ಬದಲಿ ಕೆಲಸವೂ ಇಲ್ಲ, ತಂಡದ ಉಸ್ತುವಾರಿಗೂ ಬೇರೆಯವರನ್ನ ನೋಡ್ತೀನಿ."

ಚಂದ್ರಮತಿಗೆ ತಿಳಿಸಿದೆ. "ಕೊಡೋಣ ಬಿಡಿ ಅಕ್ಕ. ಭಾನುವಾರ ಪೂರ್ತಿ ರೋಸ್ಲಿನ್‌ಗೇ" ಎಂದಳು. ಇಷ್ಟು ಸುಲಭವಾಗಿ ಒಪ್ಪುವುದಾದರೆ ಅಷ್ಟು ರಂಪ ಯಾಕೆ ಮಾಡಿಕೊಂಡಳೋ ಎಂದು ಗೊಣಗಿಕೊಂಡೆ. ಆ ಸಂಜೆ ಅವಳು ಒಬ್ಬಳೇ ಪುಟ್ಟಗೌರಿಯ ಮನೆಗೆ ಹೋದಳಂತೆ. ಏನು ಮಾತಾಡಿದರೋ ಗೊತ್ತಿಲ್ಲ. ಮರುದಿನ ಪುಟ್ಟಗೌರಿ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಬಲೆ ಕಟ್ಟುತ್ತಿದ್ದಳು. ಏನೆಂದು ಕೇಳಿದರೆ ಇಬ್ಬರೂ ಬಾಯಿ ಬಿಡಲಿಲ್ಲ.

ಭಾನುವಾರ ಮ್ಯಾನೇಜರ್ ಕುರ್ಚಿ ಹಾಕಿಸಿಕೊಂಡು ಕುಳಿತರು. ತವರಿಗೆ ಬಂದಿದ್ದ ಜಯಶೀಲ ಕೂಡ ಹೆಂಗಸರ ನಡುವೆ ಕುಳಿತಿದ್ದಳು. ನನಗೆ ಕೈ ಬೀಸಿದಳು. ಚಂದ್ರಮತಿ ಮೊದಲಿಂದ ಕೊನೆಯವರೆಗೆ ರೋಸ್ಲಿನ್‌ಗೇ ಎತ್ತಿದಳು. ಎತ್ತರದ, ನಿಧಾನದ, ಯಾರಾದರೂ ಮೊದಲೇ ಊಹಿಸಬಹುದಾದ ಚೆಂಡುಗಳು. ರೋಸ್ಲಿನ್ ಮನಸಾರೆ ಹೊಡೆದಳು. ನಾವು ಗೆದ್ದೆವು, ಗೋಡೆ ಮತ್ತೆ ದಡದಡಿಸಿತು, ಮ್ಯಾನೇಜರ್ ನನ್ನ ಬಳಿ ಬಂದು "ನೋಡಿದ್ರಾ, ಸ್ವಲ್ಪ ಗದರಿದ್ರೆ ಸರಿಹೋಗ್ತಾರೆ" ಎಂದರು. ಮರಿಸ್ವಾಮಿ, ಹುಡುಗಿ ಸುಧಾರಿಸಿದಳೆಂದು ತೀರ್ಪು ಕೊಟ್ಟ. ಆ ವಾರದಲ್ಲಿ ಅವಳು ಆಡಿದ ಅತ್ಯಂತ ಸಾಧಾರಣ ಆಟ ಅದು. ಜಯಶೀಲ ಹೋಗುವಾಗ ನನ್ನ ಕೈ ಹಿಡಿದು, "ಒಳ್ಳೇ ಹುಡುಗಿ, ಇನ್ನೂ ಕಲೀಬೇಕು" ಎಂದು ಕನಿಕರದಿಂದ ಹೇಳಿದಳು. ನಾನು ಚಂದ್ರಮತಿಯತ್ತ ನೋಡಿದೆ. ಅವಳು ಬಲೆ ಮಡಿಸುವುದರಲ್ಲಿ ಮುಳುಗಿದ್ದಳು.

ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಜಯಶೀಲಳ ತಂಡ ಎದುರಾಯಿತು. ಚಂದ್ರಮತಿ ಹೇಳಿದಂತೆಯೇ ರೋಸ್ಲಿನ್ ಹಾರಿದಲ್ಲೆಲ್ಲ ಇಬ್ಬಿಬ್ಬರು ಗೋಡೆಯಂತೆ ಕೈಯೆತ್ತಿ ನಿಂತರು. ಅವಳು ಹೊಡೆದದ್ದೆಲ್ಲ ಅವಳ ಕಾಲ ಬಳಿಯೇ ಬಿತ್ತು. ಮೂರು ಆಟಗಳಲ್ಲಿ ಮೊದಲನೆಯದು ಕೈತಪ್ಪಿತು. ನಮ್ಮೂರಿನಿಂದ ಲಾರಿ ಮಾಡಿಕೊಂಡು ಬಂದಿದ್ದವರು ಚಂದ್ರಮತಿಯ ಹೆಸರು ಹಿಡಿದು ಕೂಗತೊಡಗಿದರು.

ಎರಡನೆಯ ಆಟದಲ್ಲಿ ಅವಳು ರೋಸ್ಲಿನ್‌ಗೆ ಬೆನ್ನು ತಿರುಗಿಸಿದಳು. ಚೆಂಡು ಹಿಂದಕ್ಕೆ, ಬಲತುದಿಗೆ ಹೋಯಿತು. ಅಲ್ಲಿ ಎದುರಿಗೆ ಒಬ್ಬರೂ ಇರಲಿಲ್ಲ. ಪುಟ್ಟಗೌರಿ ಹಾರಿದಳು, ಹೊಡೆದಳು. ಚೆಂಡು ಬಲೆಗೆ ಬಿತ್ತು. ಲಾರಿಯವರು ನಕ್ಕರು. ಮುಂದಿನದು ಗೆರೆಯಿಂದ ಒಂದು ಗೇಣು ಆಚೆ. ನಾನು ಬಿಡುವು ಕೇಳಲು ಎದ್ದೆ. ಚಂದ್ರಮತಿ ನನ್ನ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ನಾನು ಕುಳಿತೆ. ಯಾಕೆ ಕುಳಿತೆನೋ ನನಗೇ ಗೊತ್ತಿಲ್ಲ. ಬಹುಶಃ ಏಳುವುದಕ್ಕೂ ಬೇಸತ್ತಿದ್ದೆ. ಮತ್ತೆ ಅದೇ ಕಡೆಗೆ, ಅದೇ ಎತ್ತರಕ್ಕೆ ಎತ್ತಿದಳು. ಈ ಸಲ ಚೆಂಡು ಜಯಶೀಲಳ ಹಿಂದಿನ ಖಾಲಿ ನೆಲಕ್ಕೆ ಬಡಿದು, ಪ್ರೇಕ್ಷಕರ ನಡುವೆ ಹಾರಿ ಹೋಯಿತು.

ಜಯಶೀಲ ತಿರುಗಿ, ಬಿದ್ದ ಜಾಗವನ್ನು ನೋಡಿದಳು. ಆಮೇಲೆ ಚಂದ್ರಮತಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆ ತಂಡದವರು ಒಬ್ಬಳನ್ನು ಪುಟ್ಟಗೌರಿಯ ಎದುರಿಗೆ ಕಳಿಸುವ ಹೊತ್ತಿಗೆ ರೋಸ್ಲಿನ್ ಎದುರು ಒಬ್ಬಳೇ ಉಳಿದಳು. ಆಮೇಲಿನದು ರೋಸ್ಲಿನ್‌ಗೆ ಹೇಳಿಕೊಡಬೇಕಾಗಿರಲಿಲ್ಲ. ನಾವು ಆ ಪಂದ್ಯ ಗೆದ್ದೆವು.

ಫೈನಲ್ ಸೋತೆವು. ಎದುರಿನವರು ನಮಗಿಂತ ಎಲ್ಲದರಲ್ಲೂ ಚೆನ್ನಾಗಿದ್ದರು, ಅದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆದರೂ ಮರಿಸ್ವಾಮಿ ಬಸ್ಸಿನ ಕಿಟಕಿಯ ಬಳಿ ಬಂದು ವಿವರಣೆ ಕೊಟ್ಟ: ಪುಟ್ಟಗೌರಿಗೆ ಚೆಂಡು ಕೊಡಬೇಕೆಂದು ಅವನು ಮೊದಲಿನಿಂದಲೂ ಹೇಳುತ್ತಿದ್ದನಂತೆ, ಲಿಫ್ಟರ್ ಫೈನಲ್‌ನಲ್ಲಿ ಕಡಿಮೆ ಕೊಟ್ಟಳಂತೆ. ನಾನು ಕಿಟಕಿಯ ಗಾಜು ಎಳೆದೆ. ಚಂದ್ರಮತಿಯ ಕೆಲಸ ಖಾಯಂ ಮಾಡುವುದಾಗಿ ಪದ್ಮನಾಭಯ್ಯನವರು ಅಲ್ಲಿಯೇ ಹೇಳಿದರು. ತಾವು ಗದರಿದ್ದರ ಫಲವೆಂದು ಅವರು ಕೊನೆಯವರೆಗೂ ನಂಬಿದ್ದರು.

ಬಸ್ಸು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಪುಟ್ಟಗೌರಿ ನನ್ನ ಪಕ್ಕ ಕುಳಿತಳು. ಎರಡು ಸೀಟು ಮುಂದೆ ಚಂದ್ರಮತಿ ರೋಸ್ಲಿನ್‌ಳ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು.

"ಅವತ್ತು ನಿಮ್ಮನೆಗೆ ಬಂದು ಏನು ಹೇಳಿದಳು?" ಎಂದು ಕೇಳಿದೆ.

"ನಾನು ಬಾಗಿಲಲ್ಲೇ ನಿಲ್ಲಿಸಿ ಬೈದೆ ಅಕ್ಕ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, 'ಅಷ್ಟು ಜನ ನಗ್ತಿದ್ರಲ್ಲ, ಒಂದೇ ಒಂದು ಸಲ ಹಾರದೆ ನಿಂತೆಯಾ, ನೆನಪು ಮಾಡ್ಕೋ' ಅಂದಳು. ನಾನು ನೆನಪು ಮಾಡಿಕೊಂಡೆ. ನಿಂತಿರಲಿಲ್ಲ. 'ಚೆಂಡು ಎಲ್ಲಿಗೆ ಬಿತ್ತು ಅಂತ ಊರೆಲ್ಲ ನೋಡ್ತು, ನಾನು ನಿನ್ನ ಕಾಲು ನೋಡ್ತಿದ್ದೆ' ಅಂದಳು. ಅಷ್ಟೇ. ನೀರು ಕುಡಿದು ಹೋದಳು."

ನಾನು ಅಷ್ಟು ವರ್ಷ ಆಟ ನೋಡಿದವಳು. ಆ ದಿನ ನಾನೂ ಚೆಂಡನ್ನೇ ನೋಡಿದ್ದೆ. ಹೊರಗೆ ನೋಡುತ್ತಾ ಕುಳಿತೆ. ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಪುಟ್ಟಗೌರಿಗೂ ನಿದ್ದೆ ಹತ್ತಿತು. ಅವಳ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಅಂಗೈ ಇನ್ನೂ ಕೆಂಪಗೆ ಊದಿಕೊಂಡಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದರ ಬೆರಳುಗಳು ತುಸುವೇ ಮಡಚಿಕೊಂಡು, ಮತ್ತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿದ್ದವು.