ಉಡಿಯೊಳಗಿನ ಫ್ಯೂಜು

ಊರಿಗೆ ಮೊಬೈಲು ಬಂದಿರದ ಕಾಲ. ಆಲಿಕಲ್ಲಿನ ಮಳೆಗಾಳಿಗೆ ತಂತಿಗಳು ಹರಿದುಬಿದ್ದು ಮೋರಟಗಿ ಕತ್ತಲಾಗಿ ವಾರವಾಗಿತ್ತು. ತಂತಿ ಕಟ್ಟಲು ಹೊರಟ ಲೈನ್‌ಮನ್ ಚಂದಪ್ಪ, ತಾನು ಕಂಬದ ಮೇಲಿರುವಾಗ ತಂತಿಗೆ ಕರೆಂಟು ಹರಿಯದಿರಲೆಂದು ಟ್ರಾನ್ಸ್‌ಫಾರ್ಮರಿನ ಫ್ಯೂಜುಗಳನ್ನು ಕಿತ್ತು ಹೆಂಡತಿ ರಾಮವ್ವನ ಉಡಿಗೆ ಹಾಕಿದ್ದ. "ನಾನ ಬಂದು ಕೇಳೂತನಕ ಯಾರಿಗೂ ಕೊಡಬ್ಯಾಡ."

ಮಧ್ಯಾಹ್ನಕ್ಕೆ ಊರೇ ಅವಳ ಬಾಗಿಲಿಗೆ ಬಂತು. ಹಿಟ್ಟಿನ ಗಿರಣಿ ನಿಂತಿತ್ತು, ನೀರಿನ ಟಾಕಿ ಬರಿದಾಗಿತ್ತು. ಗಿರಣಿಯ ರೇವಪ್ಪ ಏದುಸಿರು ಬಿಡುತ್ತ, "ನಿನ್ನ ಗಂಡ ಕಂಬ ಇಳದಾನವಾ, ಕಣ್ಣಾರೆ ನೋಡಿ ಬಂದೇನಿ. ಫ್ಯೂಜು ಕೊಡು," ಎಂದ.

ರೇವಪ್ಪ ಸುಳ್ಳು ಹೇಳುವವನಲ್ಲ. ಗಂಡ ಇಳಿದರೆ ಸಾಕೆಂದು ಬೆಳಗಿನಿಂದ ಹೊಡೆದುಕೊಳ್ಳುತ್ತಿದ್ದ ಅವಳ ಎದೆ ನಂಬಿಯೇಬಿಟ್ಟಿತು. ಕೈ ಉಡಿಗೆ ಹೋಯಿತು, ಅಲ್ಲೇ ನಿಂತಿತು.

"ಇಳದಿದ್ರ ಅಂವಾ ಯಾಕ ಬರಲಿಲ್ಲ? ದಾರಿ ಬಿಡ್ರಿ!" ಎಂದು ಸಿಡಿದು ಕಂಬಗಳಿದ್ದ ಹೊಲದ ಕಡೆ ಓಡಿದಳು. ಊರು ಬೈಯುತ್ತ ಬೆನ್ನಿಗೆ ಬಿತ್ತು.

ಚಂದಪ್ಪ ಇಳಿದಿದ್ದು ನಿಜ. ಇಳಿದು ಮುಂದಿನ ಕಂಬ ಹತ್ತಿ, ಎರಡೂ ಕೈಯಲ್ಲಿ ತಂತಿ ಹಿಡಿದು ನಿಂತಿದ್ದ.

"ಬುತ್ತಿ ತಂದಿಯೇನ?" ಎಂದು ಮೇಲಿನಿಂದ ನಗುತ್ತ ಕೇಳಿದ.

ಬೈಗುಳ ನಿಂತಿತು. ರೇವಪ್ಪ ಬದುವಿನ ಮೇಲೆ ಕುಸಿದು ಕೂತ.